ಸೋತವರ ಬೆಂಬಲಿಗರನ್ನು ಗೆಲ್ಲುವ ಬಗೆ
ಅಮೆರಿಕದ ಉಪಾಧ್ಯಕ್ಷ ಅಭ್ಯರ್ಥಿಯ ಆಯ್ಕೆ ಹಾಗೂ 2008ರ ಚುನಾವಣೆ ನೀಡುವ ಪಾಠ

ಫಲಿತಾಂಶ ಹೊರಬಿದ್ದೊಡನೆ ಎಲ್ಲರೂ ಗೆದ್ದೆತ್ತಿನ ಬಾಲ ಹಿಡಿಯುತ್ತಾರೆಂಬ ಮಾತು ಕನ್ನಡದಲ್ಲಿ ರೂಢಿಯಲ್ಲಿದೆ. ಆದರೆ ಸ್ಪರ್ಧೆ ತೀರ ನಿಕಟವಾಗಿದ್ದು, ಸೋತವರ ಬೆನ್ನಿಗೆ ನಿಷ್ಠಾವಂತರ ದೊಡ್ಡ ಸಮೂಹವೇ ನಿಂತಿದ್ದಾಗ ಈ ಮಾತು ಹುಸಿಯಾಗುತ್ತದೆ. ಅಂತಹ ಸಂದರ್ಭದಲ್ಲಿ ಗೆಲುವು ಒಂದು ಕೆಲಸದ ಮುಕ್ತಾಯವಾಗಿರದೆ ಇನ್ನೊಂದು ಕಠಿಣ ಕೆಲಸದ ಆರಂಭವಾಗಿರುತ್ತದೆ.

ಅಮೆರಿಕ ಸಂಯುಕ್ತ ಸಂಸ್ಥಾನದ ಅಧ್ಯಕ್ಷೀಯ ಚುನಾವಣೆ ಇದಕ್ಕೆ ಉತ್ತಮ ನಿದರ್ಶನ. ಅಲ್ಲಿ ಪ್ರಮುಖ ಪಕ್ಷದ ಅಭ್ಯರ್ಥಿಯು ಎರಡು ಬಾರಿ ಗೆಲ್ಲಬೇಕಾಗುತ್ತದೆ. ಪ್ರೈಮರಿ ಎಂಬ ಪೂರ್ವಭಾವಿ ಚುನಾವಣೆಗಳಲ್ಲಿ ಮೊದಲು ಸ್ವಪಕ್ಷದವರನ್ನೇ ಸೋಲಿಸಬೇಕು. ಅನಂತರ ನವೆಂಬರ್ ತಿಂಗಳಲ್ಲಿ ಎದುರು ಪಕ್ಷವನ್ನು ಎದುರಿಸಬೇಕು. ಮೊದಲ ಗೆಲುವಿನಲ್ಲಿ ಯಾರ ಮನಸ್ಸಿಗೆ ನೋವಾಯಿತೋ ಅವರ ಮತಗಳೇ ಎರಡನೆಯ ಗೆಲುವಿಗೆ ಅನಿವಾರ್ಯ. ಈ ಎರಡು ಘಟ್ಟಗಳ ನಡುವಿನ ಕೆಲವೇ ವಾರಗಳಲ್ಲಿ ಅಭ್ಯರ್ಥಿಯು ಉಪಾಧ್ಯಕ್ಷ ಸ್ಥಾನಕ್ಕೆ ತನ್ನ ಜೊತೆಗಾರರನ್ನು, ಅಂದರೆ ರನ್ನಿಂಗ್ ಮೇಟ್ ಅವರನ್ನು, ಆರಿಸಿಕೊಳ್ಳಬೇಕು. ಈ ಆಯ್ಕೆಯೊಂದರಿಂದಲೇ ಪಕ್ಷದ ಒಡಕು ಕೂಡಿಕೊಳ್ಳುತ್ತದೆಂಬ ನಂಬಿಕೆ ವ್ಯಾಪಕವಾಗಿದೆ. ಇತಿಹಾಸವನ್ನು ಪರಿಶೀಲಿಸಿದರೆ ಈ ನಂಬಿಕೆ ಅರ್ಧಸತ್ಯವೆಂದು ತಿಳಿದುಬರುತ್ತದೆ.

ಉಪಾಧ್ಯಕ್ಷ ಸ್ಥಾನದ ಸ್ವರೂಪ

ಆರಂಭದ ದಿನಗಳಲ್ಲಿ ಅತಿ ಹೆಚ್ಚು ಮತ ಪಡೆದವರು ಅಧ್ಯಕ್ಷರೂ, ಎರಡನೆಯ ಸ್ಥಾನ ಪಡೆದವರು ಉಪಾಧ್ಯಕ್ಷರೂ ಆಗುತ್ತಿದ್ದರು. ಹೀಗಾಗಿ 1796ರಲ್ಲಿ ಜಾನ್ ಆಡಮ್ಸ್ ಅಧ್ಯಕ್ಷರಾದಾಗ ಅವರ ಪ್ರತಿಸ್ಪರ್ಧಿ ಥಾಮಸ್ ಜೆಫರ್ಸನ್ ಅವರೇ ಉಪಾಧ್ಯಕ್ಷರಾದರು. 1800ರಲ್ಲಿ ಜೆಫರ್ಸನ್ ಮತ್ತು ಅವರದೇ ಪಕ್ಷದ ಆರನ್ ಬರ್ ಇಬ್ಬರಿಗೂ ತಲಾ 73 ಮತಗಳು ಬಂದು ಬಿಕ್ಕಟ್ಟು ತಲೆದೋರಿತು. ಇದರ ಫಲವಾಗಿ 1804ರಲ್ಲಿ ಸಂವಿಧಾನದ 12ನೆಯ ತಿದ್ದುಪಡಿ ಜಾರಿಗೆ ಬಂದು, ಎರಡು ಸ್ಥಾನಗಳಿಗೂ ಪ್ರತ್ಯೇಕ ಮತದಾನದ ಪದ್ಧತಿ ನೆಲೆಗೊಂಡಿತು. ಇಂದು ಅಧ್ಯಕ್ಷ ಅಭ್ಯರ್ಥಿಯು ಆರಿಸಿದವರನ್ನು ಪಕ್ಷದ ಮಹಾಧಿವೇಶನವು ಅನುಮೋದಿಸುವುದು ವಾಡಿಕೆ.

ಉಪಾಧ್ಯಕ್ಷರು ಸೆನೆಟ್ಟಿನ ಸಭಾಪತಿಗಳು. ಮತಗಳು ಸಮನಾದಾಗ ಮಾತ್ರ ಅವರಿಗೆ ಮತದಾನದ ಹಕ್ಕು. ನೇರ ಅಧಿಕಾರ ಇಷ್ಟು ಅಲ್ಪವಾದರೂ ಸ್ಥಾನದ ಮಹತ್ವ ಅಲ್ಪವಲ್ಲ. ಅಧ್ಯಕ್ಷರ ಮರಣದಿಂದ ಎಂಟು ಬಾರಿ, ರಾಜೀನಾಮೆಯಿಂದ ಒಂದು ಬಾರಿ ಉಪಾಧ್ಯಕ್ಷರು ಅಧ್ಯಕ್ಷ ಪದವಿಗೇರಿದ್ದಾರೆ. ಆದುದರಿಂದ ಸಂಭಾವ್ಯ ಅಭ್ಯರ್ಥಿಗಳ ಆದಾಯ, ತೆರಿಗೆ ಪತ್ರಗಳು, ಆರೋಗ್ಯ ಹಾಗೂ ಹಿಂದಿನ ಭಾಷಣಗಳನ್ನು ವಕೀಲರ ತಂಡವು ಶೋಧಿಸುತ್ತದೆ. ಈ ಶೋಧನೆಯಲ್ಲಿ ಆತುರಪಟ್ಟರೆ ಏನಾಗುತ್ತದೆಂಬುದಕ್ಕೆ 1972ರ ಉದಾಹರಣೆಯಿದೆ. ಜಾರ್ಜ್ ಮೆಗವರ್ನ್ ಆರಿಸಿದ ಥಾಮಸ್ ಈಗಲ್ಟನ್ ಅವರು ಮಾನಸಿಕ ಖಿನ್ನತೆಗೆ ವಿದ್ಯುತ್ ಚಿಕಿತ್ಸೆ ಪಡೆದಿದ್ದ ವಿಷಯ ಆಯ್ಕೆಯ ನಂತರ ಬಹಿರಂಗವಾಗಿ, 18 ದಿನಗಳಲ್ಲೇ ಅವರು ಹಿಂದೆ ಸರಿಯಬೇಕಾಯಿತು.

ಎದುರಾಳಿಯನ್ನೇ ಜೊತೆಗೆ ಕರೆದಾಗ

ಸೋತವರ ಬೆಂಬಲಿಗರನ್ನು ಒಲಿಸಿಕೊಳ್ಳುವ ಸುಲಭ ಮಾರ್ಗವೆಂದರೆ ಸೋತವರನ್ನೇ ಉಪಾಧ್ಯಕ್ಷ ಅಭ್ಯರ್ಥಿಯನ್ನಾಗಿ ಮಾಡುವುದು. 1960ರ ಜುಲೈನಲ್ಲಿ ಲಾಸ್ ಏಂಜಲೀಸ್ ಅಧಿವೇಶನದಲ್ಲಿ ಜಾನ್ ಕೆನಡಿ 806 ಪ್ರತಿನಿಧಿ ಮತಗಳನ್ನೂ, ಲಿಂಡನ್ ಜಾನ್ಸನ್ 409 ಮತಗಳನ್ನೂ ಪಡೆದರು. ಕೆನಡಿಯವರ ಸೋದರ ರಾಬರ್ಟ್ ಸೇರಿದಂತೆ ಆಪ್ತರನೇಕರಿಗೆ ಜಾನ್ಸನ್ ಬೇಡವಾಗಿದ್ದರು. ಆದರೂ ಕೆನಡಿ ಅವರನ್ನೇ ಆರಿಸಿದರು. ನವೆಂಬರ್‌ನಲ್ಲಿ ಜಾನ್ಸನ್ ಅವರ ತವರಾದ ಟೆಕ್ಸಾಸ್ ರಾಜ್ಯ ಸುಮಾರು 46,000 ಮತಗಳ ಅಂತರದಿಂದ ಕೆನಡಿಯವರಿಗೆ ಒಲಿಯಿತು. ಇಡೀ ದೇಶದಲ್ಲಿ ಅವರ ಮುನ್ನಡೆ ಸುಮಾರು 1.1 ಲಕ್ಷ ಮತಗಳಷ್ಟೇ ಆಗಿತ್ತು.

1980ರಲ್ಲಿ ರೊನಾಲ್ಡ್ ರೇಗನ್ ಅವರ ಆರ್ಥಿಕ ನೀತಿಯನ್ನು ಮಾಟಮಂತ್ರದ ಅರ್ಥಶಾಸ್ತ್ರವೆಂದು ಹಳಿದಿದ್ದ ಜಾರ್ಜ್ ಬುಷ್ ಅವರೇ ಕೆಲವು ತಿಂಗಳುಗಳ ಬಳಿಕ ರೇಗನ್ ಅವರ ಜೊತೆಗಾರರಾದರು. ಪಕ್ಷದ ಮಧ್ಯಮ ಮಾರ್ಗಿಗಳು ರೇಗನ್ ಜೊತೆ ನಿಂತರು. ಅದೇ ವರ್ಷ ಎದುರು ಪಾಳೆಯದಲ್ಲಿ ಪರಿಸ್ಥಿತಿ ವ್ಯತಿರಿಕ್ತವಾಗಿತ್ತು. ಅಧ್ಯಕ್ಷ ಜಿಮ್ಮಿ ಕಾರ್ಟರ್ ಅವರಿಗೆ ಪ್ರೈಮರಿಗಳಲ್ಲಿ ಸೋತ ಎಡ್ವರ್ಡ್ ಕೆನಡಿ, ನ್ಯೂಯಾರ್ಕಿನ ಅಧಿವೇಶನದ ಕೊನೆಯ ರಾತ್ರಿ ವೇದಿಕೆಯಲ್ಲಿ ತೋರಿದ ನಿರುತ್ಸಾಹವನ್ನು ದೇಶವೇ ದೂರದರ್ಶನದಲ್ಲಿ ಕಂಡಿತು. ಕಾರ್ಟರ್ ಅವರಿಗೆ ದೊರೆತದ್ದು 49 ಎಲೆಕ್ಟೋರಲ್ ಮತಗಳು. ರೇಗನ್ ಅವರಿಗೆ 489.

2008: ಗೆದ್ದವರ ಮುಂದಿದ್ದ ಸಮಸ್ಯೆ

ಈ ಹಿನ್ನೆಲೆಯಲ್ಲಿ 2008ರ ಡೆಮಾಕ್ರಟಿಕ್ ಪಕ್ಷದ ಪ್ರಕರಣ ವಿಶೇಷ ಅಧ್ಯಯನಕ್ಕೆ ಯೋಗ್ಯವಾಗಿದೆ. ಜನವರಿ 3ರಂದು ಅಯೋವಾ ರಾಜ್ಯದಲ್ಲಿ ಆರಂಭವಾದ ಬರಾಕ್ ಒಬಾಮ ಹಾಗೂ ಹಿಲರಿ ಕ್ಲಿಂಟನ್ ಅವರ ಪೈಪೋಟಿ ಜೂನ್ 3ರವರೆಗೂ ಮುಂದುವರಿಯಿತು. ಇಬ್ಬರಿಗೂ ತಲಾ ಸುಮಾರು 1.8 ಕೋಟಿ ಮತಗಳು ಬಿದ್ದಿದ್ದವು. ಕ್ಲಿಂಟನ್ ಅವರ ಬೆಂಬಲಿಗರಲ್ಲಿ ಹಿರಿಯ ಮಹಿಳೆಯರು, ಓಹಾಯೋ, ಪೆನ್ಸಿಲ್ವೇನಿಯಾದಂತಹ ರಾಜ್ಯಗಳ ಕಾರ್ಮಿಕ ಕುಟುಂಬಗಳು ಪ್ರಮುಖವಾಗಿದ್ದವು. ಪ್ರಥಮ ಮಹಿಳಾ ಅಧ್ಯಕ್ಷೆಯನ್ನು ಕಾಣುವ ಅವಕಾಶ ಕೈತಪ್ಪಿತೆಂಬ ಕೊರಗು ಅನೇಕರಲ್ಲಿತ್ತು. ಅಕಾಲದಲ್ಲಿ ಪ್ರೈಮರಿ ನಡೆಸಿದ ಫ್ಲಾರಿಡಾ ಮತ್ತು ಮಿಷಿಗನ್ ರಾಜ್ಯಗಳ ಪ್ರತಿನಿಧಿಗಳಿಗೆ ಪಕ್ಷವು ಅರ್ಧ ಮತವನ್ನಷ್ಟೇ ನೀಡಿದ ತೀರ್ಮಾನ ಈ ಕೊರಗನ್ನು ರೋಷವಾಗಿ ಪರಿವರ್ತಿಸಿತು. ಒಬಾಮ ಅವರಿಗೆ ಮತ ನೀಡುವುದಿಲ್ಲವೆಂದು ಬಹಿರಂಗವಾಗಿ ಸಾರುವ ಗುಂಪುಗಳೇ ಹುಟ್ಟಿಕೊಂಡವು.

ಕ್ಲಿಂಟನ್ ಅವರನ್ನೇ ಉಪಾಧ್ಯಕ್ಷ ಅಭ್ಯರ್ಥಿಯನ್ನಾಗಿಸಬೇಕೆಂಬ ಒತ್ತಾಯ ಪ್ರಬಲವಾಗಿತ್ತು. ಆದರೆ ಆಗಸ್ಟ್ 23ರಂದು ಒಬಾಮ ಪ್ರಕಟಿಸಿದ ಹೆಸರು ಡೆಲವೇರ್ ರಾಜ್ಯದ ಸೆನೆಟರ್ ಜೋ ಬೈಡನ್ ಅವರದು. ಬೈಡನ್ ಸಹ ಅದೇ ಸ್ಪರ್ಧೆಯಲ್ಲಿ ಸೋತವರೇ. ಅಯೋವಾದಲ್ಲಿ ಶೇಕಡಾ ಒಂದರಷ್ಟೂ ಬೆಂಬಲ ದೊರೆಯದೆ ಕಣದಿಂದ ನಿರ್ಗಮಿಸಿದ್ದರು. ಆದುದರಿಂದ ಅವರೊಡನೆ ಬರುವ ಮತಗಳ ಗಂಟೇನೂ ಇರಲಿಲ್ಲ. ಒಬಾಮ ನೋಡಿದ್ದು ತಮ್ಮಲ್ಲಿರುವ ಕೊರತೆಯನ್ನು. ಸೆನೆಟ್ಟಿನಲ್ಲಿ ನಾಲ್ಕು ವರ್ಷವೂ ಪೂರೈಸದ ಅವರಿಗೆ, 1973ರಿಂದ ಸದಸ್ಯರಾಗಿದ್ದು ವಿದೇಶಾಂಗ ಸಮಿತಿಯ ಅಧ್ಯಕ್ಷರಾಗಿದ್ದ ಅನುಭವಿಯ ನೆರವು ಬೇಕಿತ್ತು. ಬೈಡನ್ ಅವರು ಪೆನ್ಸಿಲ್ವೇನಿಯಾದ ಕಾರ್ಮಿಕ ಪಟ್ಟಣವಾದ ಸ್ಕ್ರಾಂಟನ್‌ನಲ್ಲಿ ಜನಿಸಿದವರೆಂಬುದೂ ಅನುಕೂಲಕರವಾಗಿತ್ತು.

ಒಲಿಸಿಕೊಂಡ ಕ್ರಮ

ಹಾಗಾದರೆ ಕ್ಲಿಂಟನ್ ಬೆಂಬಲಿಗರು ಮರಳಿದ್ದು ಹೇಗೆ? ಅದು ಐದು ತಿಂಗಳ ಕಾಲ ಒಂದೊಂದಾಗಿ ಇಟ್ಟ ಹೆಜ್ಜೆಗಳ ಫಲ.

ಮೊದಲನೆಯದಾಗಿ, ಸೋತವರೇ ದಾರಿ ತೆರೆದರು. ಜೂನ್ 7ರಂದು ಸ್ಪರ್ಧೆಯಿಂದ ಹಿಂದೆ ಸರಿದ ಕ್ಲಿಂಟನ್, ಒಬಾಮ ಅವರಿಗೆ ನಿಸ್ಸಂದಿಗ್ಧವಾಗಿ ಬೆಂಬಲ ಸೂಚಿಸಿದರು. ತಮ್ಮ ಬೆಂಬಲಿಗರ ಶ್ರಮವನ್ನು ಅತ್ಯುನ್ನತ ಪದವಿಗೆ ಅಡ್ಡವಾದ ಗಾಜಿನ ಛಾವಣಿಯಲ್ಲಿ ಮೂಡಿದ 1.8 ಕೋಟಿ ಬಿರುಕುಗಳಿಗೆ ಹೋಲಿಸಿ, ಆ ಶ್ರಮ ವ್ಯರ್ಥವಾಗಿಲ್ಲವೆಂದು ಸಾಂತ್ವನ ಹೇಳಿದರು.

ಎರಡನೆಯದಾಗಿ, ಸಮಾನತೆಯ ಸಂಕೇತ. ಜೂನ್ 27ರಂದು ಇಬ್ಬರೂ ಪ್ರಥಮ ಜಂಟಿ ಪ್ರಚಾರಸಭೆಗೆ ಆರಿಸಿಕೊಂಡದ್ದು ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಯೂನಿಟಿ ಎಂಬ ಪುಟ್ಟ ಊರನ್ನು. ಊರ ಹೆಸರಿನ ಅರ್ಥವೇ ಐಕ್ಯ. ಅಲ್ಲಿನ ಪ್ರೈಮರಿಯಲ್ಲಿ ಇಬ್ಬರಿಗೂ ತಲಾ 107 ಮತಗಳು ಬಂದಿದ್ದವು.

ಮೂರನೆಯದು ಹಣಕಾಸಿನ ವಿಷಯ. ಕ್ಲಿಂಟನ್ ಅವರ ಪ್ರಚಾರ ಸಂಸ್ಥೆ ಎರಡು ಕೋಟಿ ಡಾಲರ್‌ಗೂ ಮಿಗಿಲಾದ ಸಾಲದಲ್ಲಿತ್ತು. ಇದರಲ್ಲಿ ಅವರ ಸ್ವಂತ ಹಣವೂ, ಸೇವೆ ಒದಗಿಸಿದವರಿಗೆ ಸಲ್ಲಬೇಕಾದ ಬಾಕಿಯೂ ಸೇರಿತ್ತು. ಒಬ್ಬ ವ್ಯಕ್ತಿ ನೀಡಬಹುದಾಗಿದ್ದ ಗರಿಷ್ಠ ದೇಣಿಗೆ 2,300 ಡಾಲರ್. ಒಬಾಮ ದಂಪತಿ ತಲಾ ಅಷ್ಟನ್ನು ನೀಡಿ, ತಮ್ಮ ದೊಡ್ಡ ದಾನಿಗಳನ್ನೂ ನೆರವಿಗೆ ಕೋರಿದರು. ಆ ಸಾಲ ಪೂರ್ಣವಾಗಿ ತೀರಿದ್ದು 2012ರ ಅಂತ್ಯದ ಹೊತ್ತಿಗೆ. ಮೊತ್ತ ಚಿಕ್ಕದಾದರೂ ಸೋತವರ ಹೊರೆಗೆ ಗೆದ್ದವರು ಹೆಗಲು ಕೊಟ್ಟರೆಂಬ ಭಾವನೆ ಮುಖ್ಯವಾಗಿತ್ತು.

ನಾಲ್ಕನೆಯದಾಗಿ, ಎಣಿಕೆಯ ಗೌರವ. ಆಗಸ್ಟ್‌ನಲ್ಲಿ ಡೆನ್ವರ್ ಅಧಿವೇಶನದ ಮುನ್ನ ಫ್ಲಾರಿಡಾ ಮತ್ತು ಮಿಷಿಗನ್ ಪ್ರತಿನಿಧಿಗಳಿಗೆ ಪೂರ್ಣ ಮತದ ಹಕ್ಕನ್ನು ಮರಳಿಸಲಾಯಿತು. ಕ್ಲಿಂಟನ್ ಅವರ ಹೆಸರನ್ನೂ ವಿಧಿವತ್ತಾಗಿ ಸೂಚಿಸಲು ಅವಕಾಶ ನೀಡಲಾಯಿತು. ಆಗಸ್ಟ್ 27ರಂದು ರಾಜ್ಯವಾರು ಮತದಾನ ಸಾಗಿದ್ದಾಗ, ನ್ಯೂಯಾರ್ಕ್ ಪ್ರತಿನಿಧಿಗಳ ನಡುವೆ ನಿಂತ ಕ್ಲಿಂಟನ್ ಅವರೇ ಎಣಿಕೆಯನ್ನು ನಿಲ್ಲಿಸಿ ಒಬಾಮ ಅವರನ್ನು ಸರ್ವಾನುಮತದಿಂದ ಆರಿಸಬೇಕೆಂಬ ಸೂಚನೆ ಮಂಡಿಸಿದರು. ತಮ್ಮ ನಾಯಕಿ ತಾವಾಗಿಯೇ ಒಪ್ಪಿಗೆಯಿತ್ತುದನ್ನು ಬೆಂಬಲಿಗರು ಕಣ್ಣಾರೆ ಕಂಡರು.

ಐದನೆಯದಾಗಿ, ನೈಜ ಅಧಿಕಾರದಲ್ಲಿ ಪಾಲು. ಇದು ಚುನಾವಣೆಯ ನಂತರದ ಹೆಜ್ಜೆ. ಡಿಸೆಂಬರ್ 1ರಂದು ಒಬಾಮ ಅವರು ಕ್ಲಿಂಟನ್ ಅವರನ್ನು ವಿದೇಶಾಂಗ ಕಾರ್ಯದರ್ಶಿ ಸ್ಥಾನಕ್ಕೆ ಹೆಸರಿಸಿದರು. 2009ರ ಜನವರಿಯಲ್ಲಿ ಸೆನೆಟ್ 94–2 ಮತಗಳಿಂದ ಅನುಮೋದಿಸಿತು.

ಎದುರು ಪಾಳೆಯದ ಲೆಕ್ಕಾಚಾರ

ಕ್ಲಿಂಟನ್ ಬೆಂಬಲಿಗರ ಮೇಲೆ ರಿಪಬ್ಲಿಕನ್ ಪಕ್ಷವೂ ಕಣ್ಣಿಟ್ಟಿತ್ತು. ಡೆನ್ವರ್ ಅಧಿವೇಶನ ಮುಗಿದ ಮರುದಿನವೇ, ಆಗಸ್ಟ್ 29ರಂದು, ಜಾನ್ ಮೆಕೇನ್ ಅವರು ಅಲಾಸ್ಕದ ರಾಜ್ಯಪಾಲೆ ಸಾರಾ ಪೇಲಿನ್ ಅವರನ್ನು ತಮ್ಮ ಜೊತೆಗಾರ್ತಿಯಾಗಿ ಘೋಷಿಸಿದರು. ಪೇಲಿನ್ ತಮ್ಮ ಪ್ರಥಮ ಭಾಷಣದಲ್ಲೇ ಕ್ಲಿಂಟನ್ ಅವರನ್ನು ಹೊಗಳಿ, 1.8 ಕೋಟಿ ಬಿರುಕುಗಳ ಮಾತನ್ನು ಸ್ಮರಿಸಿದರು. ಈ ಆಯ್ಕೆಯಿಂದ ಮೆಕೇನ್ ಅವರ ಸ್ವಪಕ್ಷದ ಸಂಪ್ರದಾಯವಾದಿಗಳು ಹುರುಪುಗೊಂಡರು. ಆದರೆ ಗರ್ಭಪಾತ, ಆರೋಗ್ಯ ವಿಮೆ ಮೊದಲಾದ ವಿಷಯಗಳಲ್ಲಿ ಕ್ಲಿಂಟನ್ ಹಾಗೂ ಪೇಲಿನ್ ನಿಲುವುಗಳು ಪರಸ್ಪರ ವಿರುದ್ಧವಾಗಿದ್ದವು. ಸೆಪ್ಟೆಂಬರ್ 15ರಂದು ಲೇಮನ್ ಬ್ರದರ್ಸ್ ದಿವಾಳಿಯಾದ ಬಳಿಕ ಅನುಭವದ ಪ್ರಶ್ನೆಯೂ ಮುನ್ನೆಲೆಗೆ ಬಂದಿತು.

ಮತಗಟ್ಟೆ ಸಮೀಕ್ಷೆಗಳ ಪ್ರಕಾರ ಮಹಿಳಾ ಮತಗಳಲ್ಲಿ ಶೇಕಡಾ 56 ಒಬಾಮ ಅವರಿಗೂ, 43 ಮೆಕೇನ್ ಅವರಿಗೂ ಸಂದವು. ಡೆಮಾಕ್ರಟಿಕ್ ಮತದಾರರಲ್ಲಿ ಶೇಕಡಾ 89ರಷ್ಟು ಜನ ಒಬಾಮ ಪರ ನಿಂತರು. ಎಲೆಕ್ಟೋರಲ್ ಮತಗಳು 365 ಮತ್ತು 173. ಮತದಾರರು ನಾಯಕಿಯನ್ನು ಮೆಚ್ಚಿದ್ದು ಮಹಿಳೆಯೆಂಬ ಒಂದೇ ಕಾರಣಕ್ಕಲ್ಲ, ಆಕೆ ಪ್ರತಿನಿಧಿಸಿದ ಹಿತಾಸಕ್ತಿಗಳಿಗಾಗಿಯೂ ಹೌದು ಎಂಬುದನ್ನು ಮೆಕೇನ್ ಬಳಗ ಸಾಕಷ್ಟು ಗಣಿಸಿರಲಿಲ್ಲ.

ಈ ಹಿತಾಸಕ್ತಿಗಳಿಗೂ ಕರ್ನಾಟಕಕ್ಕೂ ನಂಟಿದೆ. ಕೈಗಾರಿಕಾ ರಾಜ್ಯಗಳ ಕಾರ್ಮಿಕರ ಪ್ರಮುಖ ಅಳಲು ಉದ್ಯೋಗಗಳು ಹೊರದೇಶಗಳ ಪಾಲಾಗುತ್ತಿವೆ ಎಂಬುದಾಗಿತ್ತು. ಉದ್ಯೋಗ ಹೊರಸಾಗಿಸುವ ಕಂಪನಿಗಳ ತೆರಿಗೆ ಸೌಲಭ್ಯವನ್ನು ನಿಲ್ಲಿಸುವೆನೆಂದು ಒಬಾಮ ಪ್ರೈಮರಿ ಕಾಲದಿಂದಲೇ ಭರವಸೆ ನೀಡುತ್ತಿದ್ದರು. 2009ರ ಮೇ ತಿಂಗಳಲ್ಲಿ ಅವರು, ನ್ಯೂಯಾರ್ಕ್ ರಾಜ್ಯದ ಬಫಲೋ ನಗರಕ್ಕಿಂತ ಬೆಂಗಳೂರಿನಲ್ಲಿ ಉದ್ಯೋಗ ಸೃಷ್ಟಿಸಿದರೆ ಕಡಿಮೆ ತೆರಿಗೆ ಬೀಳುವ ವ್ಯವಸ್ಥೆಯನ್ನು ಹೆಸರಿಸಿಯೇ ಟೀಕಿಸಿದರು. ಅಮೆರಿಕದ ಪಕ್ಷಗಳೊಳಗೆ ಯಾರನ್ನು ಒಲಿಸಲು ಯಾವ ಮಾತು ಕೊಡಲಾಗುತ್ತದೆ ಎಂಬುದನ್ನು ಇಲ್ಲಿನ ರಫ್ತುದಾರರು ಗಮನಿಸಬೇಕಾದದ್ದು ಇದೇ ಕಾರಣಕ್ಕಾಗಿ.

ಅನಂತರದ ಅನುಭವ

2016ರಲ್ಲಿ ಕ್ಲಿಂಟನ್ ಅವರೇ ವಿಜೇತರ ಸ್ಥಾನದಲ್ಲಿದ್ದರು. ಸೋತ ಬರ್ನಿ ಸ್ಯಾಂಡರ್ಸ್ ಬೆಂಬಲ ಘೋಷಿಸಿದರು. ಅವರ ಕೆಲವು ಬೇಡಿಕೆಗಳು ಪಕ್ಷದ ಪ್ರಣಾಳಿಕೆಯಲ್ಲಿ ಸೇರಿದವು. ಆದರೆ ಅಧಿವೇಶನದ ಮುನ್ನಾದಿನಗಳಲ್ಲಿ ಬಹಿರಂಗಗೊಂಡ ಇ-ಮೇಲ್‌ಗಳು ಪಕ್ಷದ ಕಚೇರಿ ನಿಷ್ಪಕ್ಷಪಾತವಾಗಿರಲಿಲ್ಲವೆಂಬ ಶಂಕೆಯನ್ನು ಬಲಪಡಿಸಿದವು. ಮಿಷಿಗನ್, ವಿಸ್ಕಾನ್ಸಿನ್, ಪೆನ್ಸಿಲ್ವೇನಿಯಾಗಳಲ್ಲಿ ಒಟ್ಟು 80,000ಕ್ಕೂ ಕಡಿಮೆ ಮತಗಳ ಅಂತರದಿಂದ ಕ್ಲಿಂಟನ್ ಅಧ್ಯಕ್ಷ ಪದವಿಯನ್ನು ಕಳೆದುಕೊಂಡರು. ಸೋಲಿಗೆ ಕಾರಣಗಳು ಹಲವಾದರೂ, ಇಷ್ಟು ಕಿರಿದಾದ ಅಂತರದಲ್ಲಿ ಮುನಿದ ಸ್ವಪಕ್ಷೀಯರ ಪ್ರತಿ ಮತವೂ ಅಮೂಲ್ಯವಾಗಿತ್ತು.

2020ರಲ್ಲಿ ಬೈಡನ್ ಈ ಪಾಠವನ್ನು ಮರೆಯಲಿಲ್ಲ. ಅವರ ಹಾಗೂ ಸ್ಯಾಂಡರ್ಸ್ ಬಣಗಳ ಸದಸ್ಯರು ಕೂಡಿ ಕುಳಿತು ನೀತಿ ರೂಪಿಸಲು ಆರು ಜಂಟಿ ಕಾರ್ಯತಂಡಗಳು ರಚಿತವಾದವು. 2019ರ ಚರ್ಚೆಯಲ್ಲಿ ತಮ್ಮನ್ನು ಕಟುವಾಗಿ ಪ್ರಶ್ನಿಸಿದ್ದ, ಚೆನ್ನೈ ಮೂಲದ ತಾಯಿಯ ಮಗಳಾದ ಕಮಲಾ ಹ್ಯಾರಿಸ್ ಅವರನ್ನೇ ಬೈಡನ್ ಉಪಾಧ್ಯಕ್ಷ ಅಭ್ಯರ್ಥಿಯನ್ನಾಗಿ ಆರಿಸಿದರು. ಆ ಚುನಾವಣೆಯಲ್ಲಿ ಇಬ್ಬರೂ ಜಯಶಾಲಿಗಳಾದರು.

ವಾಣಿಜ್ಯ ಕ್ಷೇತ್ರಕ್ಕೆ ಅನ್ವಯ

ಸಂಘ-ಸಂಸ್ಥೆಗಳ ಆಡಳಿತ ಮಂಡಳಿಯ ಚುನಾವಣೆ, ಸಹಕಾರಿ ಬ್ಯಾಂಕುಗಳ ಚುನಾವಣೆ, ಎರಡು ಕಂಪನಿಗಳ ವಿಲೀನ, ಕುಟುಂಬದ ಉದ್ಯಮದಲ್ಲಿ ಉತ್ತರಾಧಿಕಾರದ ನಿರ್ಣಯ, ಇವೆಲ್ಲವುಗಳಲ್ಲೂ ಇದೇ ಪ್ರಶ್ನೆ ಎದುರಾಗುತ್ತದೆ. ಮೇಲಿನ ವಿವರಣೆಯಿಂದ ಕೆಳಕಂಡ ಅಂಶಗಳನ್ನು ಸಂಗ್ರಹಿಸಬಹುದು.

1. ಜೊತೆಗಾರರನ್ನು ಆರಿಸುವಾಗ ತನ್ನಲ್ಲಿಲ್ಲದ ಸಾಮರ್ಥ್ಯವನ್ನು ಅರಸಬೇಕು. ಸ್ಥಾನ ತೆರವಾದರೆ ನಿರ್ವಹಿಸಬಲ್ಲರೇ ಎಂಬುದೇ ಮೊದಲ ಪರೀಕ್ಷೆ.

2. ಸೋತ ಬಣವನ್ನು ಹೋಲುವ ವ್ಯಕ್ತಿಯನ್ನು ತೋರಿಸಿದ ಮಾತ್ರಕ್ಕೆ ಆ ಬಣ ಒಲಿಯದು. ಅದರ ಬೇಡಿಕೆಗಳಿಗೆ ಉತ್ತರ ದೊರೆಯಬೇಕು.

3. ನಿಯಮಗಳ ಬಗೆಗಿನ ದೂರುಗಳನ್ನು ಮೊದಲು ಇತ್ಯರ್ಥಪಡಿಸಬೇಕು. ಸೋಲನ್ನು ಸಹಿಸಿದವರೂ ಅನ್ಯಾಯವನ್ನು ಸಹಿಸಲಾರರು.

4. ಸೋತವರಿಗೆ ಬಾಕಿಯಿರುವ ಲೆಕ್ಕ, ಸಲ್ಲಬೇಕಾದ ಗೌರವ, ಎರಡನ್ನೂ ಬಹಿರಂಗವಾಗಿ ಸಲ್ಲಿಸಬೇಕು.

5. ಅವರಿಗೆ ನೀಡುವ ಹುದ್ದೆ ಅಲಂಕಾರದ್ದಾಗಿರದೆ ಅಧಿಕಾರವುಳ್ಳದ್ದಾಗಿರಬೇಕು.

ಬೈಡನ್ ಅವರ ಆಯ್ಕೆ ಒಬಾಮ ಅವರ ಆಡಳಿತಕ್ಕೆ ಬಲ ತಂದಿತು. ಕ್ಲಿಂಟನ್ ಅವರ ಬೆಂಬಲಿಗರನ್ನು ಮರಳಿ ತಂದದ್ದು ಡೆನ್ವರ್ ಸಭಾಂಗಣದಲ್ಲಿ ಅವರ ಮತಗಳಿಗೂ ಎಣಿಕೆಯ ಅವಕಾಶ ದೊರೆತುದು. ಇವೆರಡೂ ಬೇರೆ ಬೇರೆ ಕೆಲಸಗಳು. ಒಂದನ್ನು ಮಾಡಿ ಇನ್ನೊಂದೂ ಆಯಿತೆಂದು ಭಾವಿಸುವ ವಿಜೇತರು ಮುಂದಿನ ಸ್ಪರ್ಧೆಯಲ್ಲಿ ಅದರ ಬೆಲೆ ತೆರಬೇಕಾಗುತ್ತದೆ.