ಡಾಲರಿನ ಅಳತೆಗೋಲೂ ಕಂಬಂ ಕಣಿವೆಯ ಏಲಕ್ಕಿಯೂ

ರೂಪಾಯಿ ಇಳಿಯಿತು, ಡಾಲರು ಏರಿತು ಎಂಬ ಸುದ್ದಿ ಬಂದಾಗ ಏಲಕ್ಕಿ ಬೆಳೆಗಾರರ ಮನಸ್ಸಿನಲ್ಲಿ ಒಂದು ಆಸೆ ಮೂಡುವುದು ಸಹಜ. ರಫ್ತು ಹೆಚ್ಚೀತು, ದರ ಏರೀತು, ಮಾಲನ್ನು ಇನ್ನೊಂದು ತಿಂಗಳು ತಡೆದಿಟ್ಟರೆ ನಾಲ್ಕು ಕಾಸು ಹೆಚ್ಚು ಸಿಕ್ಕೀತು ಎಂಬುದು ಆ ಎಣಿಕೆ. ಕಂಬಂ ಕಣಿವೆಯಲ್ಲಿ ಕನ್ನಡವನ್ನು ಮನೆಮಾತಾಗಿ ಉಳಿಸಿಕೊಂಡು ಬಂದಿರುವ ಒಕ್ಕಲಿಗ ಕುಟುಂಬಗಳಿಗೂ, ಇಡುಕ್ಕಿಯ ಮಲೆಯಲ್ಲಿ ತೋಟ ಮಾಡಿ ಬೋಡಿನಾಯಕನೂರಿನ ಹರಾಜಿಗೆ ಮಾಲು ತರುವವರಿಗೂ ಇದು ಕೇವಲ ಪಾಂಡಿತ್ಯದ ಮಾತಲ್ಲ, ವರ್ಷದ ಆದಾಯದ ಮಾತು. ಈ ಎಣಿಕೆ ಎಷ್ಟರಮಟ್ಟಿಗೆ ಸರಿಯೆಂಬುದನ್ನು ಮೈಸೂರಿನಲ್ಲಿ ಓದಿ ಬೆಳೆದ ವಿದುಷಿಯೊಬ್ಬರ ಸಂಶೋಧನೆಯ ಬೆಳಕಿನಲ್ಲಿ ಪರಿಶೀಲಿಸೋಣ.

ಶ್ರೀಮತಿ ಗೀತಾ ಗೋಪಿನಾಥರು

1971ರಲ್ಲಿ ಜನಿಸಿದ ಗೀತಾ ಗೋಪಿನಾಥರ ಶಾಲಾಶಿಕ್ಷಣ ನಡೆದುದು ಮೈಸೂರಿನಲ್ಲಿ. ದೆಹಲಿಯಲ್ಲಿ ಅರ್ಥಶಾಸ್ತ್ರ ಕಲಿತು, 2001ರಲ್ಲಿ ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದರು. ಮುಂದೆ ಹಾರ್ವರ್ಡಿನಲ್ಲಿ ಪ್ರಾಧ್ಯಾಪಕರಾದರು. 2019ರಲ್ಲಿ ಅಂತರರಾಷ್ಟ್ರೀಯ ಹಣಕಾಸು ನಿಧಿಯ ಮುಖ್ಯ ಅರ್ಥಶಾಸ್ತ್ರಜ್ಞರ ಸ್ಥಾನವನ್ನು ವಹಿಸಿಕೊಂಡ ಮೊದಲ ಮಹಿಳೆ ಇವರೇ. 2022ರಿಂದ ನಿಧಿಯ ಪ್ರಥಮ ಉಪ ವ್ಯವಸ್ಥಾಪಕ ನಿರ್ದೇಶಕರಾಗಿದ್ದು, 2025ರಲ್ಲಿ ಹಾರ್ವರ್ಡಿಗೆ ಮರಳಿದರು.

ಒಂದು ದೇಶದ ನಾಣ್ಯ ಇಳಿದರೆ ಅದರ ಸರಕು ಹೊರನಾಡಿನವರಿಗೆ ಅಗ್ಗವಾಗುವುದು, ಆದುದರಿಂದ ರಫ್ತು ಹೆಚ್ಚುವುದು ಎಂಬುದು ಪಠ್ಯಪುಸ್ತಕಗಳ ಹಳೆಯ ಪಾಠ. ಗೀತಾ ಗೋಪಿನಾಥರು ಸರಕುಪಟ್ಟಿಯಲ್ಲಿ ಬೆಲೆಯನ್ನು ಯಾವ ನಾಣ್ಯದಲ್ಲಿ ಬರೆಯುತ್ತಾರೆ ಎಂಬ ಸರಳ ಪ್ರಶ್ನೆಯನ್ನು ಹಿಡಿದು ಹೊರಟರು. 2015ರ ಅವರ ಪ್ರಬಂಧದ ಪ್ರಕಾರ ಭಾರತದ ಆಮದಿನಲ್ಲಿ ಅಮೆರಿಕದಿಂದ ಬರುತ್ತಿದ್ದುದು ಸುಮಾರು ಶೇಕಡಾ 5 ಮಾತ್ರ. ಆದರೆ ಆಮದಿನ ಶೇಕಡಾ 86ರಷ್ಟಕ್ಕೆ ಬೆಲೆ ಕಟ್ಟುತ್ತಿದ್ದುದು ಡಾಲರಿನಲ್ಲಿ. 2020ರಲ್ಲಿ ಸಹೋದ್ಯೋಗಿಗಳೊಡನೆ ಪ್ರಕಟಿಸಿದ ಪ್ರಬಂಧದಲ್ಲಿ 2,500ಕ್ಕೂ ಮಿಕ್ಕಿದ ದೇಶಜೋಡಿಗಳ ವ್ಯಾಪಾರವನ್ನು ಪರೀಕ್ಷಿಸಿ, ಡಾಲರು ಇತರ ಎಲ್ಲ ನಾಣ್ಯಗಳೆದುರು ಶೇಕಡಾ 1ರಷ್ಟು ಏರಿದರೆ ಅಮೆರಿಕವನ್ನು ಬಿಟ್ಟು ಉಳಿದ ದೇಶಗಳ ನಡುವಣ ವ್ಯಾಪಾರದ ಪ್ರಮಾಣ ವರ್ಷದೊಳಗೆ ಶೇಕಡಾ 0.6ರಷ್ಟು ಕುಗ್ಗುವುದೆಂದು ತೋರಿಸಿದರು. ಅದೇ ವರ್ಷ ಹಣಕಾಸು ನಿಧಿಯೂ ಇದೇ ವಿಷಯವಾಗಿ ಪ್ರಬಂಧವನ್ನು ಹೊರತಂದಿತು. ನಾಣ್ಯ ಇಳಿದರೆ ರಫ್ತು ತಾನೇ ಏರುವುದೆಂಬ ನಂಬಿಕೆಯನ್ನು ಇದು ಸಡಿಲಿಸಿತು.

ಲೆಕ್ಕ ಹೇಗೆ?

ಉದಾಹರಣೆಗೆ, ಕಿಲೋಗೆ 20 ಡಾಲರಿನಂತೆ ಒಪ್ಪಂದವಾಗಿದೆ ಎನ್ನೋಣ. ಡಾಲರಿಗೆ 80 ರೂಪಾಯಿ ಇದ್ದಾಗ ರಫ್ತುದಾರನಿಗೆ 1,600 ರೂಪಾಯಿ. 90 ಆದಾಗ 1,800. ಕೊಳ್ಳುವವನಿಗಾದರೋ ಆಗಲೂ 20, ಈಗಲೂ 20. ಸೌದಿ ಅರೇಬಿಯದ ರಿಯಾಲು 1986ರಿಂದ ಡಾಲರಿಗೆ 3.75ರಂತೆ ಕಟ್ಟಿಹಾಕಲ್ಪಟ್ಟಿದೆ, ಆದುದರಿಂದ ಅಲ್ಲಿಯ ಗಿರಾಕಿಗೆ ಮಾಲು ಅಗ್ಗವಾಯಿತೆಂದು ತೋರುವುದೇ ಇಲ್ಲ. ಅಗ್ಗವೆಂದು ತೋರದಿದ್ದರೆ ಅವನು ಹೆಚ್ಚು ಕೊಳ್ಳುವುದೇಕೆ? ಹೆಚ್ಚಿನ 200 ರೂಪಾಯಿ ಮೊದಲು ಸೇರುವುದು ರಫ್ತುದಾರನ ಕೈಗೆ. ಅದರಲ್ಲಿ ಬೆಳೆಗಾರನಿಗೆಷ್ಟು ಎಂಬುದು ಹರಾಜುಕಟ್ಟೆಯ ಪೈಪೋಟಿಗೆ ಸೇರಿದ್ದು.

ಇನ್ನೊಂದು ಮಾತನ್ನೂ ಮರೆಯಬಾರದು. ಬೆಲೆ ಡಾಲರಿನಲ್ಲಿ ಕದಲದೆ ನಿಲ್ಲುವುದು ಮುಖ್ಯವಾಗಿ ಕಾರ್ಖಾನೆಯ ಸರಕುಗಳಲ್ಲಿ. ಏಲಕ್ಕಿಯ ದರವಾದರೋ ಹರಾಜಿನಿಂದ ಹರಾಜಿಗೆ ಬದಲಾಗುವುದು. ನಮ್ಮ ಏಲಕ್ಕಿಯ ಬಹುಭಾಗ ದೇಶದೊಳಗೇ ಖರ್ಚಾಗುತ್ತದೆ. ಹೊರಪೇಟೆಯಲ್ಲಿ ಗ್ವಾಟೆಮಾಲಾ ನಮ್ಮ ದೊಡ್ಡ ಪ್ರತಿಸ್ಪರ್ಧಿ. ಅಲ್ಲಿ ಬೆಳೆ ಹುಲುಸಾಗಿ ಡಾಲರಿನ ದರವೇ ಕುಸಿದರೆ ರೂಪಾಯಿಯ ಇಳಿತ ನಮ್ಮನ್ನು ಕಾಯಲಾರದು. 2018ರ ನೆರೆಯ ಮರುವರ್ಷ, 2019ರಲ್ಲಿ, ಪುತ್ತಡಿಯ ಹರಾಜಿನಲ್ಲಿ ಕಿಲೋಗೆ 7,000 ರೂಪಾಯಿಯ ಗರಿಷ್ಠ ದರ ಬಂದುದು ಮಾಲಿನ ಅಭಾವದಿಂದಲೇ ಹೊರತು ನಾಣ್ಯದ ಮಹಿಮೆಯಿಂದಲ್ಲ.

ಖರ್ಚಿನ ಕಡೆ

ಡಾಲರು ಏರಿದ ಬಿಸಿ ತಪ್ಪದೆ ತಟ್ಟುವುದು ಖರ್ಚಿಗೆ. ಪೊಟ್ಯಾಷ್ ಗೊಬ್ಬರಕ್ಕೆ ನಮ್ಮ ದೇಶ ಬಹುತೇಕ ಪೂರ್ತಿಯಾಗಿ ಆಮದನ್ನೇ ನಂಬಿದೆ. ಡೀಸೆಲಿನ ಮೂಲವಾದ ಕಚ್ಚಾತೈಲದ ಬಹುಭಾಗವೂ ಹೊರಗಿನದೇ. ಯೂರಿಯಾದ ದರವನ್ನು ಸರಕಾರ ಗೊತ್ತುಪಡಿಸುವುದರಿಂದ ಅಲ್ಲಿ ಮಾತ್ರ ಸ್ವಲ್ಪ ರಕ್ಷಣೆ. ಕಂಬಂನ ಪನ್ನೀರ್ ದ್ರಾಕ್ಷಿಗೆ 2023ರಲ್ಲಿ ಭೌಗೋಳಿಕ ಗುರುತು ದೊರೆತಿದೆ. ಆದರೂ ಅದನ್ನು ಕೊಳ್ಳುವವರು ಹೆಚ್ಚಾಗಿ ನಮ್ಮ ನಾಡಿನವರೇ. ದಿಂಡುಕಲ್ ಜಿಲ್ಲೆಯ ಒಟ್ಟನ್‌ಚತ್ರಂ ಪೇಟೆಗೆ ತರಕಾರಿ ತರುವವರ ಪಾಡೂ ಇದೇ: ಮಾರಾಟ ರೂಪಾಯಿಯಲ್ಲಿ, ಗೊಬ್ಬರ-ಸಾಗಣೆಗಳ ಖರ್ಚಿನಲ್ಲಿ ಡಾಲರಿನ ನೆರಳು. ಏಲಕ್ಕಿಯವರಿಗೆ ಒಂದು ಕೈಯಲ್ಲಿ ಅಷ್ಟಿಷ್ಟು ಬಂದೀತು; ಇವರಿಗೆ ಅದೂ ಇಲ್ಲ.

ಹೊರವ್ಯಾಪಾರದ ಬೆಲೆಯನ್ನು ರೂಪಾಯಿಯಲ್ಲೇ ಬರೆದು ಪಾವತಿ ಪಡೆಯಲು ರಿಸರ್ವ್ ಬ್ಯಾಂಕು 2022ರ ಜುಲೈಯಲ್ಲಿ ದಾರಿ ತೆರೆದಿದೆ. ಆದರೆ ಕೊಳ್ಳುವವನೂ ಒಪ್ಪಬೇಕಷ್ಟೆ. ರೂಢಿ ಒಂದು ದಿನದಲ್ಲಿ ಬದಲಾಗುವಂಥದಲ್ಲ.

ಆದುದರಿಂದ ರೈತಬಾಂಧವರು ಡಾಲರಿನ ದರವೊಂದನ್ನೇ ನೋಡಿ ಮಾಲು ತಡೆಹಿಡಿಯುವುದು ಜಾಣತನವಲ್ಲ. ಅದರಲ್ಲೂ ಸಾಲಕ್ಕೆ ಬಡ್ಡಿ ಬೆಳೆಯುತ್ತಿರುವಾಗ ಬರಿಯ ಆಸೆಯ ಮೇಲೆ ಕಾಯುವುದು ದುಬಾರಿ. ಲೆಕ್ಕದ ಪುಸ್ತಕದಲ್ಲಿ ಹರಾಜಿನ ಸರಾಸರಿ ದರ, ಗ್ವಾಟೆಮಾಲಾದ ಬೆಳೆಯ ಸುದ್ದಿ, ಗೊಬ್ಬರ-ಡೀಸೆಲಿನ ಖರ್ಚು, ಸಾಲದ ಬಡ್ಡಿ ಈ ನಾಲ್ಕನ್ನೂ ಅಕ್ಕಪಕ್ಕದಲ್ಲಿ ಬರೆದಿಟ್ಟು ನೋಡಲಿ. ಮಾರುವುದೋ ಕಾಯುವುದೋ ಎಂಬುದು ಆಗ ತಾನೇ ತಿಳಿದೀತು.