ಅಚ್ಚು, ಹಲ್ಲು, ರಬ್ಬರು: ಮನೆಯಲ್ಲೇ ಕಟ್ಟುವ ಮರದ ಯಂತ್ರ

ತೆಳು ಪ್ಲೈವುಡ್ ಹಲಗೆಯಿಂದ ಬಿಡಿಸಿದ ತುಂಡುಗಳನ್ನು ಒಂದಕ್ಕೊಂದು ಸಿಕ್ಕಿಸಿ ಕಟ್ಟುವ, ಕಟ್ಟಿ ಮುಗಿದ ಮೇಲೆ ನಿಜವಾಗಿಯೂ ಓಡುವ ಮಾದರಿಗಳನ್ನು ಮರದ ಯಾಂತ್ರಿಕ ಕಿಟ್ ಎನ್ನುತ್ತಾರೆ. ಕಾರು, ರೈಲು ಎಂಜಿನ್, ಗಡಿಯಾರ, ಗೋಲಿ ಉರುಳಿಸುವ ಯಂತ್ರ ಹೀಗೆ ಹಲವು ಬಗೆ. ಉಕ್ರೇನಿನ ಯೂಗಿಯರ್ಸ್ ಕಂಪನಿ 2014ರಲ್ಲಿ ಹುಟ್ಟಿದ್ದು ಇಂಥ ಮಾದರಿಗಳಿಗಾಗಿಯೇ. ದೆಹಲಿ ಐಐಟಿಯಲ್ಲಿ ಓದಿದವರು 2015ರಲ್ಲಿ ಆರಂಭಿಸಿದ ಸ್ಮಾರ್ಟಿವಿಟಿ, ಮಕ್ಕಳ ಕೈಗೆ ಒಗ್ಗುವ ಸರಳ ಕಿಟ್‌ಗಳನ್ನು ಮಾಡುತ್ತದೆ. ಕೆಲವು ನೂರು ರೂಪಾಯಿಯಿಂದ ಕೆಲವು ಸಾವಿರದವರೆಗೆ ಬೆಲೆ. ಕೊರಿಯರ್ ಮುಟ್ಟುವ ಊರಿಗೆಲ್ಲ ಡಬ್ಬಿ ಬರುತ್ತದೆ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಗೆ ಕಿಟ್ ಎಂಬ ಹೆಸರು ಹೊಸದು, ಕೆಲಸವಲ್ಲ. ಸುಗ್ಗಿ ಮುಗಿದ ಮೇಲೆ ಜೋಳದ ದಂಟಿನ ಸಿಬಿರು ಸುಲಿದು, ಒಳಗಿನ ಬೆಂಡನ್ನು ಗಾಲಿಗೂ ಚೌಕಟ್ಟಿಗೂ ಕತ್ತರಿಸಿ, ಅದೇ ಸಿಬಿರನ್ನು ಅಚ್ಚಾಗಿ ಚುಚ್ಚಿ ಮಕ್ಕಳು ಬಂಡಿ ಕಟ್ಟುತ್ತಿದ್ದರು. ಅಂಟೂ ಬೇಡ, ಮೊಳೆಯೂ ಬೇಡ. ಜೋಳದ ಹೊಲಗಳಿಗೆ ಮೆಕ್ಕೆಜೋಳ ಬಂದು ಕೂತ ಮೇಲೆ ಆ ದಂಟೂ ಅಪರೂಪವಾಯಿತು.

ಕಿಟ್‌ಗೆ ಇಡೀ ಮರದ ಬದಲು ಪ್ಲೈವುಡ್ ಬಳಸುವುದಕ್ಕೆ ಕಾರಣವಿದೆ. ಮರ ತೇವ ಹೀರಿದಾಗ ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ. ಆದರೆ ಎಳೆಯ ಉದ್ದಕ್ಕೆ ಈ ವ್ಯತ್ಯಾಸ ಬಹಳ ಕಡಿಮೆ, ಅಡ್ಡಕ್ಕೆ ಹೆಚ್ಚು. ಎತ್ತಿನ ಬಂಡಿ ಇಟ್ಟುಕೊಂಡ ರೈತರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಬೇಸಿಗೆಯಲ್ಲಿ ಗಾಲಿ ಒಣಗಿ ಕಬ್ಬಿಣದ ಹಳಿ ಸಡಿಲವಾದರೆ ಗಾಲಿಯನ್ನು ಕೆರೆಯ ನೀರಿಗೆ ಇಳಿಸುತ್ತಾರೆ. ಮರ ಹಿಗ್ಗಿ ಹಳಿ ಮತ್ತೆ ಬಿಗಿಯಾಗುತ್ತದೆ. ಪ್ಲೈವುಡ್ಡಿನಲ್ಲಿ ಒಂದು ಪದರದ ಎಳೆಗೆ ಇನ್ನೊಂದು ಪದರದ ಎಳೆ ಅಡ್ಡವಾಗಿರುವುದರಿಂದ ಒಂದು ಹಿಗ್ಗಲು ಹೊರಟರೆ ಇನ್ನೊಂದು ತಡೆಯುತ್ತದೆ. ಮೂರು ನಾಲ್ಕು ಮಿಲಿಮೀಟರ್ ದಪ್ಪದ ಈ ಹಲಗೆಯನ್ನು ಲೇಸರ್ ಕಿರಣದಿಂದ ಕೊಯ್ಯುತ್ತಾರೆ. ಕಿರಣ ಮರವನ್ನು ಸುಟ್ಟುಕೊಂಡು ಹೋಗುವುದರಿಂದ ಅಂಚು ಕಂದುಬಣ್ಣಕ್ಕೆ ತಿರುಗಿರುತ್ತದೆ. ಡಬ್ಬಿ ಬಿಚ್ಚಿದೊಡನೆ ಸುಟ್ಟ ಕಟ್ಟಿಗೆಯ ವಾಸನೆ ಬರುವುದೂ ಇದರಿಂದಲೇ.

ತುಂಡುಗಳು ಹಲಗೆಗೆ ಸಣ್ಣ ಸಣ್ಣ ಕೊಂಡಿಗಳಿಂದ ಅಂಟಿಕೊಂಡಿರುತ್ತವೆ. ಎಲ್ಲವನ್ನೂ ಒಟ್ಟಿಗೆ ಬಿಡಿಸಿ ರಾಶಿ ಹಾಕಿದರೆ ಕೆಲಸ ಅಲ್ಲೇ ಕೆಟ್ಟಂತೆ, ಯಾಕೆಂದರೆ ಅಂಕಿ ಮುದ್ರಿಸಿರುವುದು ಹಲವು ಕಿಟ್‌ಗಳಲ್ಲಿ ಸೂಚನಾ ಪುಸ್ತಕದ ಚಿತ್ರದ ಮೇಲೆ, ತುಂಡಿನ ಮೇಲಲ್ಲ. ಆಯಾ ಹಂತಕ್ಕೆ ಬೇಕಾದ್ದನ್ನಷ್ಟೇ ಬಿಡಿಸಿಕೊಳ್ಳಬೇಕು. ಕೊಂಡಿ ಗಟ್ಟಿಯಾಗಿದ್ದರೆ ಹಿಂಬದಿಯಿಂದ ಚೂಪಾದ ಕತ್ತಿಯಲ್ಲಿ ಗೀರು ಹಾಕಿ ಒತ್ತಬೇಕು. ಎಳೆದರೆ ಮೇಲಿನ ಪದರ ಕಿತ್ತುಬರುತ್ತದೆ. ಕೊಂಡಿ ಇದ್ದಲ್ಲಿ ಉಳಿದ ಗಂಟನ್ನು ಸ್ಯಾಂಡ್‌ಪೇಪರಿನಿಂದ ಉಜ್ಜಿ ತೆಗೆಯಬೇಕು. ಹಲ್ಲುಗಾಲಿಯ ಹಲ್ಲಿನ ಮೇಲೆ ಇಂಥದೊಂದು ಗಂಟು ಉಳಿದರೂ ಸಾಕು, ಗಾಲಿ ಪ್ರತಿ ಸುತ್ತಿಗೂ ಅದೇ ಜಾಗದಲ್ಲಿ ಮುಗ್ಗರಿಸುತ್ತದೆ.

ಜೋಡಣೆಯ ಮರ್ಮ ಇರುವುದು ಬಿಗಿ ಮತ್ತು ಸಡಿಲದ ಲೆಕ್ಕದಲ್ಲಿ. ಚೌಕಟ್ಟಿನ ಕೂಡುಗಳು ಬಿಗಿಯಾಗಿರಬೇಕು, ತಿರುಗುವ ಭಾಗಗಳು ಸಡಿಲವಾಗಿರಬೇಕು. ಹೊಸಬರು ಸಾಮಾನ್ಯವಾಗಿ ಎಲ್ಲವನ್ನೂ ಬಿಗಿ ಮಾಡುತ್ತಾರೆ, ನೋಡಲು ಚೆಂದ ಕಾಣುತ್ತದೆ, ಓಡುವುದಿಲ್ಲ. ಗಾಲಿಯ ಎರಡೂ ಪಕ್ಕ ಕೂದಲೆಳೆಯಷ್ಟಾದರೂ ಸಂದು ಬಿಡಬೇಕು. ಮರದ ಮೇಲೆ ಮರ ಉಜ್ಜುವ ಜಾಗಕ್ಕೆಲ್ಲ ಮೇಣದಬತ್ತಿ ತಿಕ್ಕಬೇಕು. ಎಣ್ಣೆ ಹಾಕಬಾರದು, ಪ್ಲೈವುಡ್ ಅದನ್ನು ಕುಡಿದುಬಿಡುತ್ತದೆ. ಬಂಡಿಯ ಅಚ್ಚಿಗೆ ಹರಳೆಣ್ಣೆಯಲ್ಲಿ ಹುಲ್ಲಿನ ಮಸಿ ಕಲಸಿದ ಕೀಲೆಣ್ಣೆ ಹಾಕುತ್ತಿದ್ದವರಿಗೂ ಬೇಕಾಗಿದ್ದದ್ದು ಉಜ್ಜಾಟ ತಪ್ಪಿಸುವ ಒಂದು ಪದರವೇ. ಅಲ್ಲಿ ಕಬ್ಬಿಣದ ಅಚ್ಚು, ಹೊರುವ ಭಾರ ದೊಡ್ಡದು, ಆದ್ದರಿಂದ ಜಿಡ್ಡು ಒಗ್ಗುತ್ತಿತ್ತು. ಇಲ್ಲಿ ಒಣ ಮೇಣವೇ ಸರಿ.

ಅನೇಕ ಕಿಟ್‌ಗಳಲ್ಲಿ ಅಚ್ಚು ಎಂದರೆ ಹಲ್ಲುಕಡ್ಡಿಯಷ್ಟು ಸಣ್ಣ ಕಡ್ಡಿ. ಬಾಗಿಸುವ ಬಲಕ್ಕೆ ದುಂಡು ಕಡ್ಡಿ ತಡೆಯುವ ಶಕ್ತಿ ಅದರ ದಪ್ಪದ ಘನಕ್ಕೆ ಅನುಗುಣ: ದಪ್ಪ ಅರ್ಧವಾದರೆ ತಾಳುವ ಬಲ ಎಂಟರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಗಾಲಿ ಚೌಕಟ್ಟಿನಿಂದ ದೂರ ಹೋದಷ್ಟೂ ಅಚ್ಚಿನ ಬುಡದಲ್ಲಿ ಬಾಗುವ ಒತ್ತಡ ಹೆಚ್ಚು. ಆಟಿಕೆಯಲ್ಲಿ ಕಡ್ಡಿ ಮುರಿದರೆ ಇನ್ನೊಂದು ಕಡ್ಡಿ ಹಾಕಿದರಾಯಿತು. ದೊಡ್ಡ ಮರದ ಯಂತ್ರದಲ್ಲಿ ಹಾಗಲ್ಲ. ಕೊಟ್ಟೂರಿನಲ್ಲಿ ಮಾಘ ಮಾಸದ ಮೂಲಾ ನಕ್ಷತ್ರದಂದು ಎಳೆಯುವ ಗುರು ಕೊಟ್ಟೂರೇಶ್ವರನ ತೇರು ಸುಮಾರು 60 ಅಡಿ ಎತ್ತರದ್ದು. 2017ರ ಫೆಬ್ರವರಿ 21ರ ಸಂಜೆ ಅದರ ಅಚ್ಚು ಮುರಿದು, ಜನಜಂಗುಳಿಯ ನಡುವೆಯೇ ತೇರು ವಾಲಿ ಉರುಳಿತು, ಹಲವರು ಗಾಯಗೊಂಡರು. ಆಮೇಲೆ ಹೊಸ ತೇರು ಕಟ್ಟಿಸಲಾಯಿತು. ತೇರಿಗೆ ಸ್ಟಿಯರಿಂಗ್ ಇಲ್ಲ. ದಿಕ್ಕು ತಿದ್ದುವುದು ಗಾಲಿಯಡಿ ಸನ್ನೆ ಕೊಟ್ಟು. ಮಿಣಿ ಹಿಡಿದವರು ಎಳೆಯುತ್ತಲೇ ಇರುವಾಗ ಒಂದು ಗಾಲಿ ತಡೆದರೆ, ಅದರ ತಿರುಚುವ ಬಲವೆಲ್ಲ ಹೋಗಿ ಕೂರುವುದು ಅಚ್ಚಿನ ಮೇಲೆ.

ಹಲ್ಲುಗಾಲಿಗಳ ಲೆಕ್ಕ ಸುಲಭ. ಹತ್ತು ಹಲ್ಲಿನ ಚಿಕ್ಕ ಗಾಲಿ ನಲವತ್ತು ಹಲ್ಲಿನ ದೊಡ್ಡದನ್ನು ತಿರುಗಿಸಿದರೆ ಚಿಕ್ಕದು ನಾಲ್ಕು ಸುತ್ತು ಸುತ್ತಿದಾಗ ದೊಡ್ಡದು ಒಂದು ಸುತ್ತು. ವೇಗ ಕಾಲು ಭಾಗ, ತಿರುಚುವ ಬಲ ಹೆಚ್ಚುಕಡಿಮೆ ನಾಲ್ಕು ಪಟ್ಟು. ಉಜ್ಜಾಟದಲ್ಲಿ ಕಳೆದುಹೋಗುವುದನ್ನು ಬಿಟ್ಟು. ಇಂಥ ಮೂರು ಜೋಡಿ ಸಾಲಾಗಿ ನಿಂತರೆ ಅರವತ್ತನಾಲ್ಕಕ್ಕೆ ಒಂದು. ಪ್ರತಿ ಜೋಡಿಯೂ ತನ್ನ ಪಾಲಿನ ಉಜ್ಜಾಟ ಸೇರಿಸುವುದರಿಂದ ಒಂದೊಂದು ಗಾಲಿ ಕೂರಿಸಿದ ಕೂಡಲೇ ಬೆರಳಿನಿಂದ ತಿರುಗಿಸಿ ನೋಡಬೇಕು. ಪೂರ್ತಿ ಕಟ್ಟಿದ ಮೇಲೆ ಎಲ್ಲಿ ಹಿಡಿದಿದೆ ಎಂದು ಹುಡುಕುವುದು ದೊಡ್ಡ ತಲೆನೋವು.

ಎಂಜಿನ್ನಿನ ಜಾಗದಲ್ಲಿ ಇರುವುದು ರಬ್ಬರ್ ಬ್ಯಾಂಡ್. ಕೀ ಕೊಟ್ಟಾಗ ಅದು ಹಿಗ್ಗಿ ಶಕ್ತಿ ಕೂಡಿಟ್ಟುಕೊಳ್ಳುತ್ತದೆ. ಬಿಟ್ಟಕೂಡಲೇ ಹಿಂದಕ್ಕೆ ಓಡದಂತೆ ತಡೆಯುವುದು ಓರೆಹಲ್ಲಿನ ಗಾಲಿ ಮತ್ತು ಅದರ ಮೇಲೆ ಬೀಳುವ ನಾಲಿಗೆ. ಹಲ್ಲಿನ ಇಳಿಜಾರಿನ ಮೇಲೆ ನಾಲಿಗೆ ಜಾರುತ್ತದೆ, ನೇರ ಬದಿಗೆ ಸಿಕ್ಕಿ ನಿಲ್ಲುತ್ತದೆ. ಕೆಲವು ಗಡಿಯಾರಗಳಲ್ಲಿ ಲೋಲಕವೊಂದು ಅತ್ತಿತ್ತ ತೂಗುತ್ತ ಒಂದೊಂದೇ ಹಲ್ಲನ್ನು ಬಿಟ್ಟುಕೊಡುತ್ತದೆ. ಟಿಕ್ ಟಿಕ್ ಸದ್ದು ಹಲ್ಲು ಬಡಿಯುವುದರದ್ದು.

ಯಂತ್ರ ಓಡದಿದ್ದರೆ ಮೊದಲು ರಬ್ಬರ್ ಬಿಚ್ಚಬೇಕು, ಇನ್ನಷ್ಟು ಬಿಗಿಯಬಾರದು. ಬರಿಗೈಯಲ್ಲಿ ತಿರುಗಿಸಿ, ಗಟ್ಟಿಯಾದ ಜಾಗ ಕಂಡರೆ ಅಲ್ಲಿಗೆ ಮೇಣ, ಗಂಟಿದ್ದರೆ ಸ್ಯಾಂಡ್‌ಪೇಪರು. ಹೊಸ ಗಾಲಿಗಳನ್ನು ಸ್ವಲ್ಪ ಹೊತ್ತು ಹೀಗೆ ಓಡಿಸಿದರೆ ಹಲ್ಲು ತಾವೇ ನಯವಾಗುತ್ತವೆ. ಮಳೆಗಾಲದಲ್ಲಿ ಕೂಡುಗಳು ತುಸು ಬಿಗಿಯುತ್ತವೆ; ಬಿಸಿಲು 40 ಡಿಗ್ರಿ ಮುಟ್ಟುವ ಏಪ್ರಿಲ್, ಮೇ ತಿಂಗಳಲ್ಲಿ ಮರಕ್ಕಿಂತ ಮೊದಲು ಸೋಲುವುದು ರಬ್ಬರು. ಶಾಖಕ್ಕೂ ಬೆಳಕಿಗೂ ಅದು ಬಿರಿಯುತ್ತದೆ. ಆಟ ಮುಗಿದ ಮೇಲೆ ಕೀ ಪೂರ್ತಿ ಇಳಿಸಿ, ಕಿಟಕಿಯ ಬಿಸಿಲಿಗೆ ದೂರ ಇಟ್ಟರೆ ಬಾಳಿಕೆ ಹೆಚ್ಚು. ತುಂಡು ಬಿಡಿಸಿದ ಹಲಗೆಯ ಚೌಕಟ್ಟನ್ನು ಒಲೆಗೆ ಹಾಕುವ ಮೊದಲು ಒಮ್ಮೆ ನೋಡಬೇಕು. ಬೇಗ ಮುರಿಯುವ ಕೆಲವು ತುಂಡುಗಳನ್ನು ತಯಾರಕರು ಅದರಲ್ಲೇ ಒಂದೆರಡು ಹೆಚ್ಚಾಗಿ ಕೊಯ್ದಿಟ್ಟಿರುತ್ತಾರೆ.