ಎಂಜಿನ್ ಬಿಸಿಯೇರುವುದೇಕೆ?

ಬೇಸಿಗೆಯಲ್ಲಿ ಆಗುಂಬೆ, ಚಾರ್ಮಾಡಿಗಳಂತಹ ಘಟ್ಟದ ದಾರಿಗಳಲ್ಲಿ ಒಂದು ನೋಟ ಅಪರೂಪವಲ್ಲ. ತಿರುವಿನ ಅಂಚಿನಲ್ಲಿ ಕಾರೊಂದು ನಿಂತಿರುತ್ತದೆ. ಅದರ ಬಾನೆಟ್ಟಿನ ಸಂದಿನಿಂದ ಆವಿ ಏಳುತ್ತಿರುತ್ತದೆ. ನೆರೆದವರು ತಲೆಗೊಂದು ಮಾತು ಹೇಳುತ್ತಾರೆ. ನೀರು ಸುರಿಯಬೇಕೆಂದು ಒಬ್ಬನು, ರೇಡಿಯೇಟರನ್ನೇ ಬದಲಿಸಬೇಕೆಂದು ಮತ್ತೊಬ್ಬನು. ಎಂಜಿನ್ ಬಿಸಿಯೇರಿದೆ ಎಂಬುದು ಎಲ್ಲರಿಗೂ ಕಾಣುತ್ತದೆ. ಏಕೆ ಏರಿದೆ ಎಂಬುದನ್ನು ಮಾತ್ರ ಹುಡುಕಿಯೇ ತಿಳಿಯಬೇಕು. ಜ್ವರವು ರೋಗದ ಸೂಚನೆಯೇ ಹೊರತು ರೋಗವಲ್ಲ. ಎಂಜಿನ್ನಿನ ಅತಿತಾಪವೂ ಹಾಗೆಯೇ.

ಎಂಜಿನ್ನಿನೊಳಗೆ ಇಂಧನವು ಉರಿಯುವಾಗ ಉಷ್ಣತೆಯು 2000 ಡಿಗ್ರಿ ಸೆಲ್ಸಿಯಸ್ಸನ್ನು ಮೀರುತ್ತದೆ. ಅಲ್ಯೂಮಿನಿಯಮ್ಮಾದರೋ 660 ಡಿಗ್ರಿಯಲ್ಲಿಯೇ ಕರಗುವ ಲೋಹ. ಹೀಗಿದ್ದರೂ ಅದರಿಂದ ಮಾಡಿದ ಪಿಸ್ಟನ್ನುಗಳು ಉಳಿಯುವುದು ಶಾಖವನ್ನು ಬಿಡುವಿಲ್ಲದೆ ಹೊರಸಾಗಿಸುವ ವ್ಯವಸ್ಥೆಯ ಬಲದಿಂದ. ಮೊದಲಿನ ಮೋಟಾರುಗಳಲ್ಲಿ ಈ ವ್ಯವಸ್ಥೆ ಬಹಳ ಸರಳವಾಗಿತ್ತು. 1888ರಲ್ಲಿ ಬರ್ತಾ ಬೆಂಜ್ ಎಂಬ ಮಹಿಳೆ ತನ್ನ ಇಬ್ಬರು ಗಂಡುಮಕ್ಕಳೊಡನೆ ಜರ್ಮನಿಯ ಮಾನ್‌ಹೈಮಿನಿಂದ ಫೋರ್ಟ್ಸ್‌ಹೈಮಿಗೆ ಮೋಟಾರು ಗಾಡಿಯಲ್ಲಿ ಹೋದಾಗ, ಎಂಜಿನ್ನನ್ನು ತಣಿಸುವ ನೀರು ಆವಿಯಾಗಿ ಹೋಗುತ್ತಿದ್ದುದರಿಂದ ದಾರಿಯುದ್ದಕ್ಕೂ ಮತ್ತೆ ಮತ್ತೆ ನೀರು ತುಂಬಿಸಬೇಕಾಯಿತು.

ಈಗಿನ ಕಾರುಗಳಲ್ಲಿ ಒಮ್ಮೆ ತುಂಬಿದ ದ್ರವವೇ ಸುತ್ತುತ್ತಿರುತ್ತದೆ. ಪಂಪು ಈ ದ್ರವವನ್ನು ಎಂಜಿನ್ನಿನ ಸುತ್ತ ಹರಿಸುತ್ತದೆ. ಎಂಜಿನ್ ತಕ್ಕಷ್ಟು ಬೆಚ್ಚಗಾದೊಡನೆ ಥರ್ಮೋಸ್ಟಾಟ್ ಎಂಬ ಕವಾಟ ತೆರೆದು ದ್ರವಕ್ಕೆ ರೇಡಿಯೇಟರಿನ ದಾರಿಯನ್ನು ಬಿಡುತ್ತದೆ. ಅಲ್ಲಿ ತೆಳುವಾದ ಕೊಳವೆಗಳಲ್ಲಿ ಹರಿಯುವ ದ್ರವವನ್ನು ಎದುರುಗಾಳಿಯೂ ಫ್ಯಾನೂ ತಣಿಸುತ್ತವೆ. ಹೀಗೆ ಎಂಜಿನ್ನಿನ ತಾಪವು 90 ಡಿಗ್ರಿಯ ಆಸುಪಾಸಿನಲ್ಲಿ ನಿಲ್ಲುತ್ತದೆ. ದ್ರವ, ಪಂಪು, ಕವಾಟ, ರೇಡಿಯೇಟರು, ಗಾಳಿ ಇವುಗಳಲ್ಲಿ ಯಾವುದೊಂದು ಸೋತರೂ ಕಾಣುವ ಫಲ ಒಂದೇ.

ಫಲವೊಂದೇ ಆಗಿರುವಾಗ ಕಾರಣವನ್ನು ಬೇರ್ಪಡಿಸುವುದು ಹೇಗೆ? ಬಲ್ಲ ಮೆಕ್ಯಾನಿಕ್ಕನು ಸ್ಪ್ಯಾನರು ಹಿಡಿಯುವ ಮೊದಲು ಪ್ರಶ್ನೆ ಕೇಳುತ್ತಾನೆ. ಬಿಸಿಯೇರಿದ್ದು ಯಾವಾಗ? ಊರೊಳಗಿನ ದಟ್ಟಣೆಯಲ್ಲಿ ನಿಂತಾಗ ಏರಿ, ವೇಗವಾಗಿ ಹೋದಾಗ ಇಳಿದರೆ ಸಂದೇಹ ಮೊದಲು ಫ್ಯಾನಿನ ಮೇಲೆ. ವೇಗದ ಓಟದಲ್ಲಿ ಎದುರುಗಾಳಿಯೇ ಫ್ಯಾನಿನ ಕೆಲಸವನ್ನು ಮಾಡುತ್ತದೆ. ನಿಂತಾಗ ಆ ನೆರವು ಇರುವುದಿಲ್ಲ. ಇದಕ್ಕೆ ಬದಲಾಗಿ ದೂರದ ಓಟದಲ್ಲಿ ಏರಿದರೆ ಗಾಳಿಯ ಕೊರತೆಯೆನ್ನಲಾಗದು. ರೇಡಿಯೇಟರಿನ ಕೊಳವೆಗಳು ಕಟ್ಟಿರಬಹುದು, ದ್ರವ ಕಡಿಮೆಯಾಗಿರಬಹುದು. ಎಂಜಿನ್ ಕುದಿಯುತ್ತಿದ್ದರೂ ರೇಡಿಯೇಟರು ತಣ್ಣಗಿದ್ದರೆ ದ್ರವವು ಅಲ್ಲಿಗೆ ತಲುಪುತ್ತಿಲ್ಲವೆಂದು ಅರ್ಥ. ಆಗ ಪಂಪನ್ನೂ ಥರ್ಮೋಸ್ಟಾಟನ್ನೂ ನೋಡಬೇಕು. ಥರ್ಮೋಸ್ಟಾಟನ್ನು ಪರೀಕ್ಷಿಸುವುದು ಸುಲಭ. ಅದನ್ನು ಬಿಚ್ಚಿ ಪಾತ್ರೆಯ ನೀರಿನಲ್ಲಿಟ್ಟು ಕಾಯಿಸಿದಾಗ ತೆರೆಯದಿದ್ದರೆ ಅದು ಕೆಟ್ಟಿದೆಯೆಂದು ತಿಳಿಯುತ್ತದೆ.

ಎರಡನೆಯ ಪ್ರಶ್ನೆ: ದ್ರವ ಎಲ್ಲಿ ಹೋಯಿತು? ಸುಸ್ಥಿತಿಯಲ್ಲಿರುವ ಎಂಜಿನ್ನಿನಲ್ಲಿ ಅದು ಬೇಗ ಕಡಿಮೆಯಾಗದು. ಕಾರಿನ ಕೆಳಗೆ ಬಣ್ಣದ ಹನಿಗಳು ಕಂಡರೆ ರಬ್ಬರು ಕೊಳವೆಯೋ ಪಂಪೋ ರೇಡಿಯೇಟರೋ ಸೋರುತ್ತಿದೆ. ಹೊರಗೆ ಹನಿಯಿಲ್ಲದೆ ಒಳಗೇ ಇಂಗುತ್ತಿದ್ದರೆ ಚಿಂತೆಗೆ ಕಾರಣವುಂಟು. ಸಿಲಿಂಡರುಗಳ ಮೇಲಿನ ಹೆಡ್ಡಿಗೂ ಕೆಳಗಿನ ಬ್ಲಾಕಿಗೂ ನಡುವೆ ಇರುವ ಗ್ಯಾಸ್ಕೆಟ್ ಹರಿದಿರಬಹುದು. ಸೈಲೆನ್ಸರಿನಿಂದ ಬಿಡದೆ ಬರುವ ಬಿಳಿಯ ಹೊಗೆ, ಹಾಲು ಬೆರೆಸಿದ ಕಾಫಿಯಂತೆ ಬಣ್ಣ ತಿರುಗಿದ ಎಂಜಿನ್ ಎಣ್ಣೆ ಇದರ ಗುರುತುಗಳು.

ಇಲ್ಲಿ ಒಂದು ಸೂಕ್ಷ್ಮವಿದೆ. ಗ್ಯಾಸ್ಕೆಟ್ ಹರಿದುದರಿಂದ ಎಂಜಿನ್ ಬಿಸಿಯೇರುವುದುಂಟು. ಎಂಜಿನ್ ಬಿಸಿಯೇರಿದುದರಿಂದ ಹೆಡ್ ಬಾಗಿ ಗ್ಯಾಸ್ಕೆಟ್ ಹರಿಯುವುದೂ ಉಂಟು. ಎರಡನೆಯ ಸಂದರ್ಭದಲ್ಲಿ ಗ್ಯಾಸ್ಕೆಟ್ಟನ್ನು ಮಾತ್ರ ಬದಲಿಸಿದರೆ ಸಾಲದು. ಮೊದಲು ಸೋತ ಫ್ಯಾನೋ ಕೊಳವೆಯೋ ಹಾಗೆಯೇ ಉಳಿದು ಹೊಸ ಗ್ಯಾಸ್ಕೆಟ್ಟನ್ನೂ ಬಲಿ ತೆಗೆದುಕೊಳ್ಳುತ್ತದೆ. ಅಲ್ಪ ಬೆಲೆಯ ಕೊಳವೆಯೊಂದರ ಬಿರುಕು ಇಡೀ ಎಂಜಿನ್ನಿನ ನಾಶಕ್ಕೆ ಮೂಲವಾಗುವುದು ಹೀಗೆ.

ಆದುದರಿಂದ ತಾಪದ ಮುಳ್ಳು ಕೆಂಪು ಗೆರೆಯನ್ನು ಮುಟ್ಟಿದಾಗ 'ಇನ್ನೊಂದು ಮೈಲಿ' ಎಂದು ಓಡಿಸುವುದು ತರವಲ್ಲ. ಸುರಕ್ಷಿತವಾದ ಸ್ಥಳದಲ್ಲಿ ಕಾರನ್ನು ನಿಲ್ಲಿಸಿ ಎಂಜಿನ್ನನ್ನು ಆರಿಸಬೇಕು. ಬಿಸಿಯಾದ ರೇಡಿಯೇಟರಿನ ಮುಚ್ಚಳಕ್ಕೆ ಕೈ ಹಾಕಲೇಬಾರದು. ಪ್ರೆಷರ್ ಕುಕ್ಕರಿನಲ್ಲಿರುವಂತೆ ಅಲ್ಲಿಯೂ ದ್ರವವು ಒತ್ತಡದಲ್ಲಿದ್ದು, 100 ಡಿಗ್ರಿಯನ್ನು ಮೀರಿದರೂ ಕುದಿಯದೆ ಇರಬಲ್ಲದು. ಮುಚ್ಚಳ ಸಡಿಲಿದ ಕ್ಷಣವೇ ಒತ್ತಡವಿಳಿದು, ಕುದಿನೀರೂ ಆವಿಯೂ ಮುಖಕ್ಕೆ ಚಿಮ್ಮುತ್ತವೆ. ಕಾದ ಲೋಹದ ಮೇಲೆ ತಣ್ಣೀರು ಸುರಿಯುವುದೂ ತಪ್ಪು. ಒಮ್ಮೆಗೇ ಕುಗ್ಗಿದ ಲೋಹ ಬಿರುಕು ಬಿಡಬಹುದು. ಎಂಜಿನ್ ಪೂರ್ತಿ ಆರುವ ತನಕ ತಾಳ್ಮೆಯೇ ಮದ್ದು.

ಆ ಬಿಡುವು ವ್ಯರ್ಥವಲ್ಲ. ಯಾವಾಗ ಬಿಸಿಯೇರಿತು, ಎಲ್ಲಿ ಸೋರಿತು, ಫ್ಯಾನು ತಿರುಗುತ್ತಿತ್ತೇ ಎಂದು ನೆನೆದು ಮೆಕ್ಯಾನಿಕ್ಕನಿಗೆ ಹೇಳಬಲ್ಲವನು ಅರ್ಧ ದುರಸ್ತಿಯನ್ನು ತಾನೇ ಮಾಡಿದಂತೆ. ಕಂಡದ್ದನ್ನು ಕ್ರಮವಾಗಿ ಗಮನಿಸುವುದು, ಊಹಿಸಿದ್ದನ್ನು ಪರೀಕ್ಷಿಸುವುದು, ಪರೀಕ್ಷೆಗೆ ನಿಲ್ಲದ ಊಹೆಯನ್ನು ಕೈಬಿಡುವುದು, ಇದೇ ವಿಜ್ಞಾನದ ಮಾರ್ಗ. ಅದು ಪ್ರಯೋಗಶಾಲೆಯಲ್ಲಿ ಎಷ್ಟು ಸಲ್ಲುವುದೋ ರಸ್ತೆಬದಿಯಲ್ಲಿಯೂ ಅಷ್ಟೇ ಸಲ್ಲುತ್ತದೆ.